ಕ್ರಾಸ್‌ವರ್ಡ್ ಯಾಕೆ ಬಿಟ್ಟಿರಿ ಅಂತ ಕೇಳುವವರಿಗೆ

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದಿನಾ ಸಿಗುವವರು, ಆಫೀಸಿನವರು, ಹೆಂಡತಿಯ ತವರಿನವರು ಕೂಡ ಈಗ ಒಂದೇ ಪ್ರಶ್ನೆ ಕೇಳುತ್ತಾರೆ. "ಎಂತ ಮಾರಾಯ್ರೆ, ಕ್ರಾಸ್‌ವರ್ಡ್ ಬಿಟ್ಟೇ ಬಿಟ್ರಾ?" ಹೌದು, ಬಿಟ್ಟೆ. ಕಣ್ಣಿನ ತೊಂದರೆ ಅಲ್ಲ, ಮೊಬೈಲಿನ ಗೀಳೂ ಅಲ್ಲ. ಕಾರಣ ಸ್ವಲ್ಪ ಉದ್ದ ಇದೆ, ಸುರತ್ಕಲ್‌ನಲ್ಲಿ ಇಳಿಯುವವರಿಗೆ ಅವಸರದಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತು ವರ್ಷ ನಾನು ದಿ ಹಿಂದೂ ಪತ್ರಿಕೆಯ ಕ್ರಿಪ್ಟಿಕ್ ಪದಬಂಧ ಬಿಡಿಸಿದವನು. ಬೆಳಿಗ್ಗೆ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಪೇಪರ್ ಕೊಂಡು, ಕಿಟಕಿ ಪಕ್ಕ ಕೂತು, ಅದನ್ನು ನಾಲ್ಕು ಮಡಿಕೆ ಮಾಡಿ ತೊಡೆ ಮೇಲೆ ಇಟ್ಟುಕೊಂಡರೆ ಆಯಿತು. ಉದ್ಯಾವರ ಸೇತುವೆ ದಾಟುವಾಗ ನಾಲ್ಕು ಉತ್ತರ. ಪಡುಬಿದ್ರಿಗೆ ಅರ್ಧ. ಉಳಿದದ್ದು ಕೂಳೂರು ಸೇತುವೆಯ ಜಾಮ್‌ನಲ್ಲಿ. ಬಾರದೆ ಉಳಿದದ್ದಕ್ಕೆ ಮರುದಿನದ ಪೇಪರಿನಲ್ಲಿ ಉತ್ತರ ಇರುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ರಿಪ್ಟಿಕ್ ಅಂದರೆ ಸುಳಿವು ಹೇಳುವುದು ಒಂದು, ಒಳಗೆ ಇರುವುದು ಇನ್ನೊಂದು. ಕನ್ನಡದಲ್ಲಿ ನಾನೇ ಒಂದು ಕಟ್ಟಿ ತೋರಿಸುತ್ತೇನೆ: "ದೊರೆಗೆ ಸಿಕ್ಕ ನೆಪ, ಅಧಿಕಾರದ ಆಟ (5)." ಓದಿದ ಕೂಡಲೇ ಯಾವುದೋ ಹಳೇ ರಾಜನ ಕಥೆ ಕಣ್ಣಿಗೆ ಬರುತ್ತದೆ ಅಲ್ವಾ? ಅದನ್ನು ನಂಬಬಾರದು. ದೊರೆ ಅಂದರೆ ರಾಜ, ನೆಪ ಅಂದರೆ ಕಾರಣ, ಎರಡನ್ನೂ ಸೇರಿಸಿದರೆ ರಾಜಕಾರಣ. ಅಧಿಕಾರದ ಆಟ ಎಂಬುದು ಅದರ ನೇರ ಅರ್ಥ. ಐದು ಅಕ್ಷರ, ಲೆಕ್ಕ ಸರಿ. ಎಷ್ಟೇ ಅಡಗಿಸಿದರೂ ನೇರ ಅರ್ಥ ಸಾಮಾನ್ಯವಾಗಿ ಸುಳಿವಿನ ಒಂದು ತುದಿಯಲ್ಲಿ ಇದ್ದೇ ಇರುತ್ತದೆ, ಮೊದಲಲ್ಲೋ ಕೊನೆಯಲ್ಲೋ. ಆಫ್ರಿಟ್ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಇಂಗ್ಲೆಂಡಿನ ಎ. ಎಫ್. ರಿಚಿ 1949ರಲ್ಲೇ ಒಂದು ಕಟ್ಟುಪಾಡು ಹೇಳಿದ್ದರು: ರಚಿಸುವವನ ಮಾತು ಮೇಲ್ನೋಟಕ್ಕೆ ಬೇರೇನೋ ಹೇಳಬಹುದು, ಆದರೆ ಅವನ ಮನಸ್ಸಿನಲ್ಲಿರುವುದು ಆ ಮಾತಿನೊಳಗೆ ಇರಲೇಬೇಕು. ಬಿಡಿಸುವವನಿಗೆ ಮೋಸ ಆಗಬಾರದು ಅಂತ.

ಈ ನಿಯಮವನ್ನು ನಾನು ತುಂಬಾ ಪ್ರೀತಿಸುತ್ತಿದ್ದೆ. ಈಗಲೂ ಪ್ರೀತಿ ಇದೆ.

2023ರ ಸೆಪ್ಟೆಂಬರ್. ಲೋಕಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ ಪಾಸಾದ ಮರುದಿನ. ಪರವಾಗಿ 454 ಮತ, ವಿರುದ್ಧ ಬರೀ 2. ಪಡುಬಿದ್ರಿಯಲ್ಲಿ ಹತ್ತುವ ಒಬ್ಬರು ಅಕ್ಕ ಪಕ್ಕದಲ್ಲಿ ಕೂತಿದ್ದರು. ಹಿಂದೆ ಅವರ ಊರಿನ ಪಂಚಾಯತ್ ಸದಸ್ಯೆ ಆಗಿದ್ದವರು. ನನ್ನ ತೊಡೆ ಮೇಲಿನ ಪೇಪರ್ ನೋಡಿ ಕೇಳಿದರು: "ಅಣ್ಣ, ಮುಂದಿನ ಎಲೆಕ್ಷನ್‌ಗೇ ಹೆಂಗಸರಿಗೆ ಮೂರರಲ್ಲೊಂದು ಸೀಟು ಸಿಗ್ತದಾ?" ನಾನು ಪೆನ್ಸಿಲ್ ಎತ್ತದೆ ಹೇಳಿದೆ, "ಹೌದಕ್ಕ, ಪಾಸಾಯ್ತಲ್ಲ." ತಲೆಬರಹ ಅಷ್ಟೇ ಓದಿದ್ದೆ. ಆಮೇಲೆ 14 ಅಡ್ಡ, ಒಂಬತ್ತು ಅಕ್ಷರ, ಅದರ ಹಿಂದೆ ಹೋದೆ.

ಆ ಅಕ್ಕ ಮುಖ ಅರಳಿಸಿ "ಆಗಲಿ, ಒಳ್ಳೇದಾಯ್ತು" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ.

ರಾತ್ರಿ ಊಟ ಆದ ಮೇಲೆ ಮಸೂದೆಯನ್ನೇ ತೆಗೆದು ಓದಿದೆ. ಮೀಸಲಾತಿ ಬರುವುದು ಕಾಯ್ದೆ ಜಾರಿಯಾದ ನಂತರದ ಮೊದಲ ಜನಗಣತಿಯ ಅಂಕಿಅಂಶ ಹೊರಬಂದು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ನಡೆದ ಬಳಿಕ. ಕಾಯ್ದೆ ಜಾರಿಯಾಗುವ ದಿನಾಂಕವನ್ನು ಕೇಂದ್ರ ಸರ್ಕಾರ ನಿಗದಿಪಡಿಸಬೇಕಿತ್ತು. 2021ರ ಜನಗಣತಿ ಆಗ ಶುರುವೇ ಆಗಿರಲಿಲ್ಲ. ಮರುವಿಂಗಡಣೆ ಎಂಬ ಒಂದು ಪದದ ಒಳಗೆ ಎಷ್ಟು ಇದೆ ನೋಡಿ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಎಂಬುದು 1971ರ ಜನಸಂಖ್ಯೆಯ ಲೆಕ್ಕದಲ್ಲೇ ನಿಂತಿದೆ. 1976ರ ಸಂವಿಧಾನ ತಿದ್ದುಪಡಿಯಲ್ಲಿ ಹೊಸ ಹಂಚಿಕೆಯನ್ನು ತಡೆಹಿಡಿದರು, 2000ದ ನಂತರ ಇನ್ನೊಂದು ತಿದ್ದುಪಡಿ ತಂದು 2026ರ ನಂತರದ ಮೊದಲ ಜನಗಣತಿವರೆಗೆ ಮುಂದೂಡಿದರು. ನಮ್ಮ ರಾಜ್ಯಕ್ಕೆ 543ರಲ್ಲಿ 28. ಹೊಸ ಲೆಕ್ಕ ಹಾಕಿದರೆ ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣದ ಪಾಲು ಕಡಿಮೆಯಾದೀತು ಎಂಬ ಭಯ ಇಲ್ಲಿ ಎಲ್ಲರಿಗೂ ಇದೆ. ಹೆಂಗಸರ ಸೀಟನ್ನು ಕಟ್ಟಿದ್ದು ಇಂಥ ಜಗ್ಗಾಟದ ಹಗ್ಗಕ್ಕೆ.

ಮಸೂದೆಯಲ್ಲಿ ಎಲ್ಲವೂ ಬರೆದಿತ್ತು, ಅದು ನಿಜ. ನಾನು ಓದಿರಲಿಲ್ಲ, ಅಷ್ಟೇ. ಪದಬಂಧದಲ್ಲಾದರೆ ಒಂದು ಸುಳಿವನ್ನೂ ಮೇಲ್ನೋಟಕ್ಕೆ ನಂಬುತ್ತಿರಲಿಲ್ಲ. ಆದರೆ ಭಾಷಣಗಳಲ್ಲಿ, ಪೋಸ್ಟರುಗಳಲ್ಲಿ ಆ 'ನಂತರ' ಎಂಬ ಪದ ನನಗೆ ಎಲ್ಲೂ ಕಾಣಲಿಲ್ಲ. ಅಲ್ಲಿ ಬಿಡಿಸುವವನಿಗೆ ನ್ಯಾಯ ಇಲ್ಲ. ಯಾವುದೇ ಒಂದು ಪಕ್ಷಕ್ಕೆ ಹೇಳುತ್ತಿಲ್ಲ. ಎಲ್ಲರ ಪ್ರಣಾಳಿಕೆಯನ್ನೂ ಓದಿ ನೋಡಿದ್ದೇನೆ.

ಮರುದಿನ ಆ ಅಕ್ಕನಿಗೆ ಸರಿಯಾದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಹೊರಗೆ ನೋಡಿದರು. ಹೆಜಮಾಡಿ ದಾಟಿದ ಮೇಲೆ ಕೇಳಿದರು: "ಹಾಗಾದ್ರೆ ತಾರೀಕು ಹಾಕ್ಲಿಲ್ವಾ?" ಇಲ್ಲ ಅಂದೆ. "ಪಂಚಾಯತ್‌ನಲ್ಲಿ ನಮಗೆ ಅರ್ಧ ಕೊಡುವಾಗ ಹೀಗೆಲ್ಲ ಇರ್ಲಿಲ್ಲ" ಅಂದು ಮೂಲ್ಕಿಯಲ್ಲಿ ಇಳಿದು ಹೋದರು.

ಅವತ್ತು ಪದಬಂಧ ತೆರೆದೆ. ಎರಡು ಉತ್ತರ ಬಂತು. ಖುಷಿ ಬರಲಿಲ್ಲ. ಒಂದು ವಾರ, ಎರಡು ವಾರ ಪ್ರಯತ್ನಪಟ್ಟೆ. ಯಾರೋ ನಾಳೆ ಉತ್ತರ ಕೊಡುವ ಒಗಟಿಗೆ ಬೆಳಗಿನ ಒಂದು ಗಂಟೆ ಕೊಡಲು ಮನಸ್ಸು ಒಪ್ಪಲಿಲ್ಲ. ಹಾಗೆ ತಾನಾಗಿ ಬಿಟ್ಟುಹೋಯಿತು. ಬಿಡಿಸುವವರನ್ನು ನಾನು ಸುಮ್ನೆ ಸಮಯ ಕಳೆಯುವವರು ಅಂತ ಹೇಳುವುದಿಲ್ಲ. ವಾಕ್ಯವನ್ನು ಬಿಚ್ಚಿ ನೋಡಲು ಕಲಿಸಿದ್ದೇ ಆ ಪುಟ್ಟ ಚೌಕಗಳು.

ಪೆನ್ಸಿಲ್ ಈಗಲೂ ಶರ್ಟಿನ ಜೇಬಿನಲ್ಲಿದೆ. ಕಿಟಕಿ ಪಕ್ಕದ ಸೀಟೂ ಅದೇ. ಮೊದಲ ಪುಟದ ಸುದ್ದಿಯಲ್ಲಿ 'ನಂತರ', 'ಒಳಪಟ್ಟು', 'ನಿಗದಿಪಡಿಸುವ ದಿನಾಂಕದಿಂದ' ಎಂಬ ಪದಗಳ ಕೆಳಗೆ ಗೆರೆ ಎಳೆಯುತ್ತೇನೆ. ಪಡುಬಿದ್ರಿಯಲ್ಲಿ ಆ ಅಕ್ಕ ಹತ್ತಿದರೆ ಪೇಪರನ್ನು ಅವರ ಕಡೆಗೆ ತಿರುಗಿಸಿ ಇಡುತ್ತೇನೆ.