ಎಸ್ಸೆಸ್ಸೆಲ್ಸಿ ಆಯ್ತು, ಮುಂದೇನು ಮೇಷ್ಟ್ರೇ?

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಮೇಷ್ಟ್ರೇ, ಹುಡುಗನದ್ದು ಎಸ್ಸೆಸ್ಸೆಲ್ಸಿ ಆಯ್ತು. ಪಿಯುಸಿಗೆ ಹಾಕೋದಾ, ಡಿಪ್ಲೊಮಾನಾ, ಐಟಿಐನಾ?" ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ವಾಪಸ್ ಕೇಳುವುದು ಒಂದೇ ಮಾತು: "ಅವನನ್ನ ಕೇಳಿದ್ರಾ?" ಆ ಕಡೆಯಿಂದ ಸದ್ದೇ ಇರುವುದಿಲ್ಲ.

ಐಟಿಐಗೆ ಸೇರಿಸಿದರೆ ಓದು ಅಲ್ಲಿಗೇ ನಿಂತುಹೋಗುತ್ತೆ ಅನ್ನುವ ಭಯ ತುಂಬಾ ಜನಕ್ಕಿದೆ. ಹಾಗೇನಿಲ್ಲ. 2 ವರ್ಷದ ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. 3 ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೂ ದಾರಿಯಿದೆ. ಎಚ್ಚರ ಬೇಕಾಗಿರುವುದು ಬೇರೆ ಕಡೆ. ಡಾಕ್ಟರಾಗುವ ಆಸೆ ಇರುವ ಹುಡುಗಿ ಪಿಯುಸಿಯಲ್ಲಿ ಬಯಾಲಜಿ ಬಿಟ್ಟರೆ ಆಮೇಲೆ ಒದ್ದಾಡಬೇಕಾಗುತ್ತೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕೋರ್ಸಿನ ವಿಷಯ ಅಲ್ಲ. ಗಣಿತದಲ್ಲಿ ಚೆನ್ನಾಗಿ ಅಂಕ ತೆಗೆದಿದ್ದ ಹುಡುಗನೊಬ್ಬ ಐಟಿಐನಲ್ಲಿ ಫಿಟ್ಟರ್‌ಗೆ, ಅಂದರೆ ಯಂತ್ರದ ಭಾಗ ಜೋಡಿಸುವ ಕೆಲಸ ಕಲಿಯೋಕೆ ಸೇರಿದ. ವಾರದ ಮೇಲೆ ಮುಖ ಸಪ್ಪೆ ಮಾಡಿಕೊಂಡು ಬಂದ. "ಸರ್, ವರ್ನಿಯರ್ ಕೈಗೆ ಕೊಟ್ರು. ಓದೋಕೆ ಬರ್ಲಿಲ್ಲ." ವರ್ನಿಯರ್ ಅಂದರೆ ಮಿಲಿಮೀಟರಿಗಿಂತ ಸಣ್ಣ ಅಳತೆ ತೆಗೆಯುವ ಸಾಧನ. ದಶಮಾಂಶ ಕಲಿಸಿದವನು ನಾನೇ. ಬೋರ್ಡಿನ ಮೇಲೆ. ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ಅಂದರೆ ಉಕ್ಕಿನ ಎರಡು ಗೆರೆ ಒಂದಕ್ಕೊಂದು ಎಲ್ಲಿ ಕೂಡುತ್ತವೆ ಅಂತ ಕಣ್ಣು ಕಿರಿದು ಮಾಡಿ ಹುಡುಕುವ ಕೆಲಸ. ನಮ್ಮ ಸ್ಕೂಲಿನ ಬೀರುವಿನಲ್ಲೂ ಒಂದು ವರ್ನಿಯರ್ ಇತ್ತು ಅನ್ನಿ. ಬೀಗ ಹಾಕಿ ಜೋಪಾನವಾಗಿ ಇಟ್ಟಿದ್ದೆವು!

ಈಗ ಶನಿವಾರ ಒಂಬತ್ತನೇ ಕ್ಲಾಸಿನವರ ಕೈಗೆ ಟೇಪು, ವರ್ನಿಯರ್ ಎರಡನ್ನೂ ಕೊಡುತ್ತೇನೆ. ಬೆಂಚು ಅಳೆಯುತ್ತಾರೆ. ಒಂದು ಗುಂಪಿನವರು ಇಂಚಿನಲ್ಲಿ, ಇನ್ನೊಂದು ಗುಂಪಿನವರು ಸೆಂಟಿಮೀಟರಿನಲ್ಲಿ. ಲೆಕ್ಕ ತಾಳೆಯಾಗದೆ ಜಗಳ. ಆ ಜಗಳ ನನಗೆ ಇಷ್ಟ.

ಇನ್ನೊಂದು ಕೆಲಸ ಅಪ್ಪ ಅಮ್ಮಂದಿರದ್ದು. ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದಿದ್ದಕ್ಕೇ ಒಬ್ಬಳ ಸ್ಕಾಲರ್‌ಶಿಪ್ ತಿಂಗಳುಗಟ್ಟಲೆ ನಿಂತಿತ್ತು. ಹತ್ತನೇ ಕ್ಲಾಸಿನ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಸುಲಭ ಅಲ್ಲ. ಜಾತಿ, ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿಗೂ ಮೊದಲೇ ಹೋಗಿಬನ್ನಿ. ಅಡ್ಮಿಶನ್ ಟೈಮಲ್ಲಿ ಅಲ್ಲಿ ರಶ್ ಜಾಸ್ತಿ.

ಅರ್ಜಿ ತುಂಬುವಾಗ ಸೈಬರ್ ಅಂಗಡಿಯವನ ಪಕ್ಕ ಮಕ್ಕಳು ಸುಮ್ನೆ ನಿಂತಿರುತ್ತಾರೆ. ಅವರನ್ನೇ ಕೂರಿಸಿ, ಅವರೇ ಓದಿ ತುಂಬಲಿ. ಓಟಿಪಿ ಬರುವ ಫೋನು ಮಾತ್ರ ಆ ಹೊತ್ತಿಗೆ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರಬಾರದು.