ಸಿಡ್ನಿ ಕಾಟನ್‌ನ ವಿಮಾನ, ನಮ್ಮ ಕೊಪ್ಪಳದ ಗಡಿ

ಕೊಪ್ಪಳ ಬಿಟ್ಟು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಬಂದು ನೆಲೆಸಿದ್ದೇವೆ. ಮಗಳ ಶಾಲೆಯ ಪ್ರಾಜೆಕ್ಟಿಗೆ ಸಿಡ್ನಿ ಕಾಟನ್ ಎಂಬ ಪೈಲಟ್ ಬಗ್ಗೆ ಬರೆಯಬೇಕಂತೆ. 1894ರಲ್ಲಿ ಇದೇ ರಾಜ್ಯದಲ್ಲಿ ಹುಟ್ಟಿದವನು. 1939ರಲ್ಲಿ ವ್ಯಾಪಾರಿಯ ಸೋಗು ಹಾಕಿ, ವಿಮಾನದಲ್ಲಿ ಕ್ಯಾಮೆರಾ ಬಚ್ಚಿಟ್ಟು, ಜರ್ಮನಿಯ ನೆಲೆಗಳ ಫೋಟೊ ತೆಗೆದವನು. ಇಲ್ಲಿಯವರು ಹೇಳುವುದು ಇಷ್ಟನ್ನೇ ಜಾಸ್ತಿ. ನಮ್ಮ ಪಾಲಿನ ಕಥೆ 1948ರದು.

ಆಗ ಕೊಪ್ಪಳ, ರಾಯಚೂರು ಹೈದರಾಬಾದ್ ಸಂಸ್ಥಾನದ ದೊರೆ ನಿಜಾಮನ ಕೈಯಲ್ಲಿದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಿಜಾಮನ ಪರ ನಿಂತಿದ್ದ ಖಾಸಿಂ ರಜ್ವಿಯ ಖಾಸಗಿ ಪಡೆ, ರಜಾಕಾರರು, ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಭಾರತ ಸರ್ಕಾರ ಸಂಸ್ಥಾನಕ್ಕೆ ಶಸ್ತ್ರ ಹೋಗದಂತೆ ದಾರಿ ಕಟ್ಟಿತ್ತು. ಕಾಟನ್ ಆಕಾಶದಿಂದ ಬಂದ. ಕರಾಚಿಯಲ್ಲಿ ಲ್ಯಾಂಕಾಸ್ಟ್ರಿಯನ್ ವಿಮಾನಗಳಿಗೆ ಬಂದೂಕು, ಮದ್ದುಗುಂಡು ತುಂಬಿ ಬೀದರ್, ವಾರಂಗಲ್‌ನಲ್ಲಿ ಇಳಿಸುತ್ತಿದ್ದ. ಇದಕ್ಕೆ ಬ್ರಿಟನ್ನಿನಲ್ಲಿ ಅವನಿಗೆ ಬಿದ್ದ ದಂಡ 200 ಪೌಂಡ್. ಅಷ್ಟೇ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಗಡಿ ಅಂದರೆ ಏನಾಗಿತ್ತು ಅಂತ ಮಗಳಿಗೆ ಹೇಳಬೇಕಾಯಿತು. ನಿಜಾಮನ ರಾಜ್ಯಕ್ಕೆ ಬೇರೆ ನಾಣ್ಯ, ಹಾಲಿ ಸಿಕ್ಕಾ. ಬೇರೆ ಸುಂಕ, ಕರೋಡಗಿರಿ. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಹೊಸಪೇಟೆ, ಬಳ್ಳಾರಿ. ಪಶ್ಚಿಮಕ್ಕೆ ಹೋದರೆ ಮುಂಬೈ ಪ್ರಾಂತ್ಯದ ಮುಂಡರಗಿ. ನಮ್ಮಜ್ಜಿ ಹೊಸಪೇಟೆಯ ತವರಿಗೆ ಹೊರಟರೆ ಸುಂಕದ ನಾಕಾದಲ್ಲಿ ಬಟ್ಟೆಗಂಟು ಬಿಚ್ಚಿ ತೋರಿಸಬೇಕಿತ್ತು. ತನ್ನದೇ ತವರಿಗೆ!

ಆ ಗಡಿಯ ಆಚೆಗೇ ಹೋರಾಟದ ಶಿಬಿರಗಳಿದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು. ಅಲ್ಲಿಂದ ಹುಡುಗರು ಕತ್ತಲಲ್ಲಿ ಒಳಗೆ ನುಗ್ಗಿ ನಾಕಾ, ಠಾಣೆಗಳ ಮೇಲೆ ಬೀಳುತ್ತಿದ್ದರು. ಅವರು ತಂದ ಬಂದೂಕೂ ನಿಜಾಮನ ಕಾನೂನಿಗೆ ಕಳ್ಳಮಾಲೇ. "ಹಾಗಾದರೆ ಇಬ್ಬರೂ ಒಂದೇ ಅಲ್ವಾ ಅಪ್ಪಾ?" ಅಂತ ಮಗಳು ಕೇಳಿದಳು. ಅಲ್ಲ ಅಂದೆ. ಕಾಟನ್ ದುಡ್ಡಿಗೆ ಹಾರಿದ. ಇವರು ತಮ್ಮ ಊರಿಗಾಗಿ ಜೀವ ಪಣಕ್ಕಿಟ್ಟರು.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು. 17ಕ್ಕೆ ನಿಜಾಮ ಸೋಲೊಪ್ಪಿದ. ಆದರೆ ಆ ದಿನಗಳಲ್ಲಿ, ಆಮೇಲೂ, ಸಂಸ್ಥಾನದ ಹಲವು ಕಡೆ ಯಾವ ತಪ್ಪೂ ಮಾಡದ ಮುಸಲ್ಮಾನರನ್ನು ಕೊಂದರು. ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅಂದಾಜು ಮಾಡಿತ್ತು. ಗೆಲುವಿನ ಕಥೆ ಹೇಳುವಾಗ ಇದನ್ನು ಬಿಡಬಾರದು ಅಂತ ಮಗಳಿಗೆ ಹೇಳಿದ್ದೇನೆ. ಅವಳು ಬರೆದುಕೊಂಡಿದ್ದಾಳೆ.

ಅಳವಂಡಿ, ಯಲಬುರ್ಗಾ, ಕುಷ್ಟಗಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ಆ ದಿನಗಳನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಹಿಂದೂ ಮನೆಯದಿರಲಿ, ಮುಸಲ್ಮಾನರ ಮನೆಯದಿರಲಿ, ಎರಡೂ ಬೇಕು.