ಹೆಚ್ಚು ಮತ ಬಿದ್ದವನು ಸೋತ ಲೆಕ್ಕ: ಜಾರ್ಜಿಯಾ, 1946

ಅಮೆರಿಕದ ಜಾರ್ಜಿಯಾ ರಾಜ್ಯದ 1946ರ ಗವರ್ನರ್ ಚುನಾವಣೆ ಎಂದರೆ ಎಲ್ಲರೂ ಮೂವರು ಗವರ್ನರ್‌ಗಳ ಪ್ರಹಸನವನ್ನೇ ಹೇಳುತ್ತಾರೆ. ಆದರೆ ಎಡವಟ್ಟಿನ ಬೇರು ಇರುವುದು ಅದಕ್ಕೂ ಆರು ತಿಂಗಳ ಹಿಂದೆ, ಜುಲೈ 17ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆಯಲ್ಲಿ. ಆ ಕಾಲದ ಜಾರ್ಜಿಯಾದಲ್ಲಿ ರಿಪಬ್ಲಿಕನ್ ಪಕ್ಷ ಹೆಸರಿಗಷ್ಟೇ. ಡೆಮಾಕ್ರಟಿಕ್ ಟಿಕೆಟ್ ಯಾರಿಗೋ ಕುರ್ಚಿಯೂ ಅವರಿಗೇ.

ಆ ಪ್ರೈಮರಿಯಲ್ಲಿ ಜೇಮ್ಸ್ ಕಾರ್ಮೈಕಲ್‌ಗೆ 3,13,389 ಮತ, ಯೂಜೀನ್ ಟಾಲ್ಮಡ್ಜ್‌ಗೆ 2,97,245. ಗೆದ್ದವನು ಟಾಲ್ಮಡ್ಜ್!

ಕಾರಣ 1917ರ ನೀಲ್ ಪ್ರೈಮರಿ ಕಾಯ್ದೆ. ಅದರ ಪ್ರಕಾರ ಎಣಿಸುವುದು ಮತಗಳನ್ನಲ್ಲ, ಕೌಂಟಿ ಯೂನಿಟ್‌ಗಳನ್ನು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು; ರಾಜ್ಯದಲ್ಲಿ 159 ಕೌಂಟಿ. ದೊಡ್ಡ 8ಕ್ಕೆ ತಲಾ 6 ಯೂನಿಟ್, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಒಟ್ಟು 410, ಗೆಲ್ಲಲು 206 ಬೇಕು. ಕೌಂಟಿಯಲ್ಲಿ ಒಂದು ಮತದಿಂದ ಮುಂದಿದ್ದರೂ ಅಲ್ಲಿನ ಯೂನಿಟ್ ಪೂರ್ತಿ ನಿಮ್ಮದೇ. ಅಂದರೆ ಅಟ್ಲಾಂಟಾ ಇರುವ ಫುಲ್ಟನ್ ಕೌಂಟಿಯನ್ನು ಸರಿಗಟ್ಟಲು ಮೂರು ಪುಟ್ಟ ಕೌಂಟಿಗಳು ಸಾಕು. ಅಟ್ಲಾಂಟಾದಲ್ಲಿ ಸಾವಿರಗಟ್ಟಲೆ ಅಂತರದಿಂದ ಗೆದ್ದರೂ ಸಿಗುವುದು ಅದೇ ಆರು. ಬಿಳಿಯರಿಗಷ್ಟೇ ಮೀಸಲಾಗಿದ್ದ ಪ್ರೈಮರಿಯನ್ನು ಕೋರ್ಟ್ ರದ್ದುಮಾಡಿದ ಮೇಲೆ ಕಪ್ಪು ಮತದಾರರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆ ವರ್ಷವೇ. ನಗರಗಳಲ್ಲಿ ಅವರ ಮತ ಎಷ್ಟು ಏರಿದರೂ ಯೂನಿಟ್ ಏರಲಿಲ್ಲ. ಕೊನೆಯ ಲೆಕ್ಕ: ಟಾಲ್ಮಡ್ಜ್ 242, ಕಾರ್ಮೈಕಲ್ 146, ಮಾಜಿ ಗವರ್ನರ್ ರಿವರ್ಸ್ 22.

ನವೆಂಬರ್‌ನಲ್ಲಿ ಟಾಲ್ಮಡ್ಜ್‌ಗೆ ಎದುರಾಳಿಯೇ ಇರಲಿಲ್ಲ. ಆದರೆ ಆಸಾಮಿ ಕಾಯಿಲೆ ಬಿದ್ದಿದ್ದ. ಅದು ಗೊತ್ತಿದ್ದ ಬೆಂಬಲಿಗರು ಬ್ಯಾಲೆಟ್ ಮೇಲೆ ಅವನ ಮಗ ಹರ್ಮನ್ ಹೆಸರನ್ನು ಕೈಯಲ್ಲಿ ಬರೆದು ಮತ ಹಾಕಿದರು. ಡಿಸೆಂಬರ್ 21ರಂದು ಯೂಜೀನ್ ತೀರಿಕೊಂಡ. ಯಾರಿಗೂ ಬಹುಮತ ಬರದಿದ್ದರೆ, ಬದುಕಿರುವವರಲ್ಲಿ ಹೆಚ್ಚು ಮತ ಪಡೆದ ಇಬ್ಬರಲ್ಲಿ ಒಬ್ಬರನ್ನು ಶಾಸನಸಭೆ ಆರಿಸಬೇಕು ಎಂದು ರಾಜ್ಯದ ಸಂವಿಧಾನ ಹೇಳುತ್ತಿತ್ತು. ಈ ವಾಕ್ಯವನ್ನೇ ಹರ್ಮನ್ ಬಣ ಹಿಡಿದುಕೊಂಡಿತು.

ಕೈಬರಹದ ಮತ ಎಣಿಸಿದರೆ ಕಾರ್ಮೈಕಲ್‌ಗೆ 669, ಬೋವರ್ಸ್ ಎಂಬಾತನಿಗೆ 637, ಹರ್ಮನ್‌ಗೆ 617. ಮೂರನೆಯವನು! ಅಷ್ಟರಲ್ಲಿ ಟಾಲ್ಮಡ್ಜರ ಸ್ವಂತ ಕೌಂಟಿ ಟೆಲ್ಫೇರ್‌ನಿಂದ ಇನ್ನೂ 58 ಮತ "ಸಿಕ್ಕವು". 675, ಮೊದಲ ಸ್ಥಾನ. ಅಟ್ಲಾಂಟಾ ಜರ್ನಲ್ ಪತ್ರಿಕೆಯ ಜಾರ್ಜ್ ಗುಡ್‌ವಿನ್ ಮತದಾರರ ಪಟ್ಟಿ ತೆಗೆದು ನೋಡಿದಾಗ, ಕೊನೆಯ 34 ಜನ ಅಕ್ಷರಮಾಲೆಯ ಕ್ರಮದಲ್ಲೇ ಬೂತಿಗೆ ಬಂದಂತಿತ್ತು. ಕೆಲವರು ಸತ್ತು ಹೋಗಿದ್ದರು. ಈ ವರದಿಗೆ 1948ರಲ್ಲಿ ಪುಲಿಟ್ಜರ್ ಬಂತು. ಪಟ್ಟಿ ಬರೆದವನಿಗೆ ಹೆಸರುಗಳನ್ನು ಹಿಂದೆ ಮುಂದೆ ಮಾಡುವಷ್ಟೂ ಪುರುಸೊತ್ತಿರಲಿಲ್ಲವೇನೋ.

ಆದರೆ ಆ ವರದಿ ಬರುವ ಹೊತ್ತಿಗೆ, 1947ರ ಜನವರಿ 15ರಂದೇ, ಶಾಸನಸಭೆ 161-87 ಮತಗಳಿಂದ ಹರ್ಮನ್‌ನನ್ನು ಆರಿಸಿಯಾಗಿತ್ತು. ಹಾಲಿ ಗವರ್ನರ್ ಎಲಿಸ್ ಆರ್ನಾಲ್ ಜಾಗ ಬಿಡಲಿಲ್ಲ. ಹರ್ಮನ್ ಕಡೆಯವರು ಕಚೇರಿಯ ಬೀಗ ಬದಲಿಸಿದರು. ಆರ್ನಾಲ್ ರಾಜೀನಾಮೆ ಕೊಟ್ಟಮೇಲೆ ಲೆಫ್ಟಿನೆಂಟ್ ಗವರ್ನರ್ (ಅಂದರೆ ಉಪ ಗವರ್ನರ್) ಮೆಲ್ವಿನ್ ಥಾಂಪ್ಸನ್ ಹಕ್ಕು ಹೂಡಿದ. ರಾಜ್ಯ ಕಾರ್ಯದರ್ಶಿ ಬೆನ್ ಫೋರ್ಟ್‌ಸನ್ ಮಾತ್ರ ರಾಜ್ಯಮುದ್ರೆಯನ್ನು ತನ್ನ ಗಾಲಿಕುರ್ಚಿಯ ದಿಂಬಿನಡಿ ಬಚ್ಚಿಟ್ಟು ಕೂತುಬಿಟ್ಟ. ಮುದ್ರೆಯಿಲ್ಲದ ಆದೇಶಕ್ಕೆ ಬೆಲೆಯೆಲ್ಲಿ?

ಮಾರ್ಚ್ 19ರಂದು ರಾಜ್ಯ ಸುಪ್ರೀಂ ಕೋರ್ಟ್ 5-2ರಿಂದ ತೀರ್ಪು ಕೊಟ್ಟಿತು: ಸತ್ತವನಿಗೆ ಬಹುಮತ ಬಂದಿತ್ತು, ಹಾಗಾಗಿ ಆರಿಸುವ ಅಧಿಕಾರವೇ ಶಾಸನಸಭೆಗೆ ಇರಲಿಲ್ಲ. ಥಾಂಪ್ಸನ್ ಹಂಗಾಮಿ ಗವರ್ನರ್ ಆದ. 1948ರ ವಿಶೇಷ ಚುನಾವಣೆಯಲ್ಲಿ ಹರ್ಮನ್ ಗೆದ್ದು ಮರಳಿ ಬಂದ.

ಯೂನಿಟ್ ಲೆಕ್ಕ ಮಾತ್ರ ಅಲುಗಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಗ್ರೇ ವಿರುದ್ಧ ಸ್ಯಾಂಡರ್ಸ್ ಪ್ರಕರಣದಲ್ಲಿ ಅದನ್ನು ಹೊಡೆದುಹಾಕಿದ್ದು 1963ರಲ್ಲಿ. ಆ ತೀರ್ಪಿನಲ್ಲೇ ಅಂಕಿಯಿದೆ: ಎಕೋಲ್ಸ್ ಕೌಂಟಿಯಲ್ಲಿ ಒಂದು ಯೂನಿಟ್‌ಗೆ 938 ಜನ, ಫುಲ್ಟನ್‌ನಲ್ಲಿ 92,721.